ಪಾದಚತುಷ್ಟಯದಲ್ಲಿ ಪರಿಚಾರಕನ ಔಷಧಜ್ಞಾನ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲತಕ್ಕುದೆಂಬುದು ಆಯುರ್ವೇದದ ಆಚಾರ್ಯರಿಗೆಲ್ಲ ಸಮ್ಮತವಾದ ಮತ. ವೈದ್ಯ, ದ್ರವ್ಯ, ಪರಿಚಾರಕ, ರೋಗಿ, ಇವೇ ಆ ನಾಲ್ಕು. ವೈದ್ಯನನ್ನೂ ದ್ರವ್ಯವನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವರು; ಪರಿಚಾರಕನ ವಿಚಾರವು ವಿರಳ. ಆದರೆ ಔಷಧವನ್ನು ರೋಗಿಗೆ ಮುಟ್ಟಿಸುವ ಕೈ ಅವನದು. ಆ ಕೈಗೆ ಔಷಧದ ತತ್ತ್ವವು ಎಷ್ಟು ತಿಳಿದಿರಬೇಕೆಂದು ಪೂರ್ವಿಕರು ಎಣಿಸಿದ್ದರು, ಕನ್ನಡದಲ್ಲಿ ಆ ತಿಳಿವಳಿಕೆಯು ಯಾವ ದಾರಿಯಿಂದ ಬಂದಿತು ಎಂಬ ಪ್ರಶ್ನೆಯು ಬಳ್ಳಾರಿಯ ಸೀಮೆಯಲ್ಲಿ ಕೇವಲ ಪಾಂಡಿತ್ಯಕ್ಕೆ ಸಂಬಂಧಿಸಿದುದಲ್ಲ. 1961ರಲ್ಲಿ ಆ ನಗರದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಕುರುಗೋಡು, ಸಿರುಗುಪ್ಪಗಳ ಕನ್ನಡ ಶಾಲೆಗಳಲ್ಲಿ ಓದಿ ಶುಶ್ರೂಷಾವಿದ್ಯೆಗೆ ಸೇರುವವರು ಔಷಧಶಾಸ್ತ್ರದ ಮೊದಲ ಪಾಠವನ್ನು ಇಂಗ್ಲಿಷಿನಲ್ಲಿ ಓದಬೇಕಾಗುವುದು.

ಚರಕನು ಪರಿಚಾರಕನಿಗೆ ನಾಲ್ಕು ಗುಣಗಳನ್ನು ವಿಧಿಸಿರುವನು: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ಇವುಗಳಲ್ಲಿ ಜ್ಞಾನವು ಮೊದಲನೆಯದೆಂಬುದನ್ನು ಗಮನಿಸಬೇಕು. ಸುಶ್ರುತನ ಪಟ್ಟಿಯೇ ಬೇರೆ. ಸ್ನೇಹವುಳ್ಳವನು, ಅಸಹ್ಯಪಡದವನು, ಬಲಶಾಲಿ, ರೋಗಿಯ ರಕ್ಷಣೆಯಲ್ಲಿ ನಿರತನು, ವೈದ್ಯನ ಮಾತಿನಂತೆ ನಡೆಯುವವನು, ದಣಿಯದವನು ಎಂದು ಅಲ್ಲಿ ಹೇಳಿದೆ; ಜ್ಞಾನದ ಮಾತಿಲ್ಲ. ವಾಗ್ಭಟನು ಬುದ್ಧಿವಂತಿಕೆಯನ್ನು ಸೇರಿಸಿ ನಡುದಾರಿಯನ್ನು ಹಿಡಿದಿರುವನು. ಇದನ್ನು ಬರಿಯ ಪದಭೇದವೆಂದು ತಳ್ಳಿಹಾಕುವುದು ಸಾಧುವಲ್ಲ. ಸುಶ್ರುತನು ಶಲ್ಯತಂತ್ರದ ಆಚಾರ್ಯನು. ಶಸ್ತ್ರವು ದೇಹದಲ್ಲಿರುವಾಗ ಒಬ್ಬನ ಮಾತೇ ನಡೆಯಬೇಕು. ಚರಕನ ಪರಿಚಾರಕನಾದರೋ ದಿನಗಟ್ಟಲೆ ಹಾಸಿಗೆಯ ಬಳಿಯಲ್ಲಿರತಕ್ಕವನು. ಆತುರಾಲಯದ ಪರಿವಾರವನ್ನು ಹೇಳುವಾಗ ಅಡುಗೆಯವರು, ಸ್ನಾನಮಾಡಿಸುವವರು ಇವರೊಡನೆ ಔಷಧವನ್ನು ಅರೆಯುವವರನ್ನೂ ಚರಕನು ಎಣಿಸಿರುವನು.

ಅರೆಯುವವನಿಗೆ ತಿಳಿದಿರಬೇಕಾದುದು ಅಲ್ಪವಲ್ಲ. ಸ್ವರಸ, ಕಲ್ಕ, ಕ್ವಾಥ, ಶೀತ, ಫಾಂಟ ಎಂಬ ಐದು ಕಲ್ಪನೆಗಳಲ್ಲಿ ಮುಂದುಮುಂದಿನದಕ್ಕೆ ಬಲ ಕಡಮೆ. ಒಂದೇ ಮೂಲಿಕೆಯನ್ನು ಹಿಂಡಿ ಕೊಡುವುದಕ್ಕೂ ಕುದಿಸಿ ಕೊಡುವುದಕ್ಕೂ ಫಲಭೇದವುಂಟು. ಔಷಧಕಾಲಗಳು ಹತ್ತು: ಬರಿಯ ಹೊಟ್ಟೆಯಲ್ಲಿ, ಊಟಕ್ಕೆ ಮುಂಚೆ, ಊಟದ ನಡುವೆ, ಊಟವಾದ ಮೇಲೆ, ತುತ್ತಿನೊಡನೆ, ಮತ್ತೆ ಮತ್ತೆ ಎಂಬಿವೇ ಮೊದಲಾದುವು. ಪ್ರಮಾಣದ ವಿಚಾರದಲ್ಲಿ ಶಾರ್ಙ್ಗಧರನ ಕ್ರಮವು ಅತ್ಯಂತ ಸ್ಫುಟವಾದುದು. ಒಂದು ತಿಂಗಳ ಶಿಶುವಿಗೆ ಒಂದು ರಕ್ತಿಕೆ. ವರ್ಷ ತುಂಬುವವರೆಗೆ ತಿಂಗಳಿಗೊಂದು ಹೆಚ್ಚಳ. ಅನಂತರ 16ನೆಯ ವಯಸ್ಸಿನವರೆಗೆ ವರ್ಷಕ್ಕೊಂದು ಮಾಷ. 70ರ ವರೆಗೆ ಒಂದೇ ಸಮ. ಆಮೇಲೆ ಕ್ರಮವಾಗಿ ಇಳಿತ. ಯೂರೋಪಿನಲ್ಲಿ ಥಾಮಸ್ ಯಂಗನು ವಯಸ್ಸಿನಿಂದ ಮಕ್ಕಳ ಪ್ರಮಾಣವನ್ನು ಗಣಿಸುವ ಸೂತ್ರವನ್ನು ಹೇಳಿದುದು 19ನೆಯ ಶತಮಾನದ ಆದಿಯಲ್ಲಿ. ಈಗ ದೇಹದ ತೂಕವೇ ಮುಖ್ಯವಾದ ಆಧಾರ. ರಕ್ತಿಕೆಯೆಂದರೆ ಗುಲಗಂಜಿ, ತೂಗುವ ಈ ಬೀಜವೇ ಉಪವಿಷಗಳಲ್ಲಿ ಒಂದೆಂಬುದು ವಿನೋದದ ಸಂಗತಿ.

ಈ ವಿದ್ಯೆಯು ಕನ್ನಡಕ್ಕಿಳಿದ ಕಾಲವು ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಆಳುತ್ತಿದ್ದ 12ನೆಯ ಶತಮಾನ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಪೂಜ್ಯಪಾದನ ಗ್ರಂಥವನ್ನನುಸರಿಸಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು, ಇದು ಜೈನ ಸಂಪ್ರದಾಯದಂತೆ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆ. ಸೋಮನಾಥನನ್ನು ಬಿಟ್ಟರೆ ಪ್ರಾಚೀನ ಕನ್ನಡ ವೈದ್ಯಗ್ರಂಥಗಳಲ್ಲಿ ಪ್ರಮುಖವಾದವು ಹಸು, ಕುದುರೆ, ವಿಷ ಇವುಗಳನ್ನೇ ಕುರಿತಿರುವುದು ಆಕಸ್ಮಿಕವಲ್ಲ. ಕೊಟ್ಟಿಗೆಗೆ ಸಂಸ್ಕೃತಜ್ಞನಾದ ಭಿಷಜನು ಬರುವುದಿಲ್ಲ. ಹಾವು ಕಚ್ಚಿದವನು ಅವನಿಗಾಗಿ ಕಾಯುವಂತಿಲ್ಲ. ಪರಿಚಾರಕನೇ ವೈದ್ಯನಾಗಬೇಕಾದ ಕಡೆಯಲ್ಲಿ ಶಾಸ್ತ್ರವು ದೇಶಭಾಷೆಯನ್ನು ಆಶ್ರಯಿಸಿತೆನ್ನಬಹುದು.

ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಇದಕ್ಕೆ ಉತ್ತಮವಾದ ನಿದರ್ಶನ. ವಿಜಯನಗರದ ಆದಿಕಾಲದಲ್ಲಿ, 14ನೆಯ ಶತಮಾನದಲ್ಲಿ, ಹುಟ್ಟಿದ ಈ ಚಂಪುವು ಸ್ಥಾವರ, ಜಂಗಮ ವಿಷಗಳೆರಡನ್ನೂ ವಿವರಿಸುವುದು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಹಾಕಿದ ಒಡ್ಡುಗಳಿಂದ ಹೊರಟ ಕಾಲುವೆಗಳು ಸಿರುಗುಪ್ಪದ ನೆಲವನ್ನು ಬತ್ತದ ಗದ್ದೆಯಾಗಿಸಿದುವು. ಗದ್ದೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಅಂತಹ ನಾಡಿಗೆ ಈ ಗ್ರಂಥವು ಅಲಂಕಾರವಲ್ಲ, ಅಗತ್ಯ. ವಿಷ, ಔಷಧ ಎಂಬ ಭೇದವು ದ್ರವ್ಯದಲ್ಲಿಲ್ಲ, ಪ್ರಯೋಗದಲ್ಲಿದೆ ಎಂಬುದು ಚರಕನ ಅಭಿಪ್ರಾಯ. 16ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸನು ಪ್ರಮಾಣವನ್ನೇ ಆ ಭೇದದ ಕಾರಣವೆಂದನು. ಆದರೂ ಮಂಗರಾಜನನ್ನು ಇಂದು ಚರಿತ್ರೆಗಾಗಿ ಓದಬೇಕೇ ಹೊರತು ಚಿಕಿತ್ಸೆಗಾಗಿ ಅಲ್ಲ. ಹಾವಿನ ವಿಷಕ್ಕೆ ಪ್ರಮಾಣಸಿದ್ಧವಾದ ಮದ್ದು 1895ರಲ್ಲಿ ಕಾಲ್ಮೆಟ್ಟನು ಸಿದ್ಧಪಡಿಸಿದ ರಕ್ತರಸದ ಮಾರ್ಗದಿಂದ ಬಂದುದು. ಅದು ದೊರೆಯುವುದು ಆಸ್ಪತ್ರೆಯಲ್ಲಿ.

ಹಳೆಯ ಸಂಜ್ಞೆಗಳನ್ನು ಹೊಸ ಶಾಸ್ತ್ರಕ್ಕೆ ತೊಡಿಸುವವರು ಎಚ್ಚರದಿಂದಿರಬೇಕು. ವಿಪಾಕವೆಂದರೆ ಜೀರ್ಣವಾದ ಮೇಲೆ ದ್ರವ್ಯಕ್ಕುಂಟಾಗುವ ಮಧುರ, ಅಮ್ಲ, ಕಟುಗಳೆಂಬ ಪರಿಣಾಮ. ಮುಖ್ಯವಾಗಿ ಯಕೃತ್ತಿನಲ್ಲಿ ನಡೆಯುವ ಔಷಧದ ರಾಸಾಯನಿಕ ಪರಿವರ್ತನೆಗೆ ಅದೇ ಹೆಸರನ್ನಿಡುವುದು ಭ್ರಾಂತಿಜನಕ. ವೀರ್ಯವೆಂಬುದು ಶೀತೋಷ್ಣಾದಿ ಶಕ್ತಿ. ಎಷ್ಟು ಅಲ್ಪ ಪ್ರಮಾಣದಲ್ಲಿ ಔಷಧವು ಫಲಕೊಡುವುದೆಂಬ ಅಳತೆಯಲ್ಲ. ‘ಮಾತ್ರೆ’ ಎಂಬ ಶಬ್ದದ ಗತಿ ಇನ್ನೂ ವಿಚಿತ್ರ. ಸಂಸ್ಕೃತದಲ್ಲಿ ಅದು ಪ್ರಮಾಣ, ಕನ್ನಡದ ಬಳಕೆಯಲ್ಲಿ ಗುಳಿಗೆ. ಎರಡು ಮಾತ್ರೆ ಎಂದರೆ ಎರಡು ಗುಳಿಗೆಯೋ ಇಮ್ಮಡಿ ಪ್ರಮಾಣವೋ ಎಂಬ ಸಂದೇಹವು ಹಾಸಿಗೆಯ ಬಳಿ ಹುಟ್ಟಬಾರದು. ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಕಾಲ ಎಂದು ಇಂದಿನ ಶುಶ್ರೂಷಾವಿದ್ಯೆಯು ಕಲಿಸುವ ಪಂಚಕವನ್ನಾದರೋ ತಿಳಿಗನ್ನಡದಲ್ಲಿಯೇ ಹೇಳಬಹುದು.

ದ್ರವ್ಯಕ್ಕೂ ಚರಕನು ನಾಲ್ಕು ಗುಣಗಳನ್ನು ಹೇಳಿರುವನು. ಅವುಗಳಲ್ಲೊಂದು ಸಂಪತ್ತು, ಎಂದರೆ ಕೆಡದೆ ಪೂರ್ಣಗುಣದಿಂದಿರುವುದು. ಅರೆಯುವವನು ಅದನ್ನು ಕಣ್ಣಿನಿಂದಲೂ ಮೂಗಿನಿಂದಲೂ ಅರಿಯುತ್ತಿದ್ದನು. ಸಿದ್ಧಪಡಿಸುವ ಕೈಯೂ ಉಪಚರಿಸುವ ಕೈಯೂ ಬೇರೆಯಾದುದಕ್ಕೆ ತಮಿಳುನಾಡಿನ ತಿರುಮುಕ್ಕೂಡಲಿನ ಶಾಸನವೇ ಸಾಕ್ಷಿ. 11ನೆಯ ಶತಮಾನದ ವೀರರಾಜೇಂದ್ರ ಚೋಳನ ಆ ಲಿಪಿಯಲ್ಲಿ 15 ಹಾಸಿಗೆಗಳ ಆತುರಾಲಯಕ್ಕೆ ಮೂಲಿಕೆ ತಂದು ಔಷಧ ಮಾಡುವವರು ಇಬ್ಬರು, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರು ಇಬ್ಬರು. ಸಂಗ್ರಹಿಸಿಡಬೇಕಾದ ಔಷಧಗಳ ಹೆಸರುಗಳೂ ಅಲ್ಲಿವೆ. ಒಂದೇ ಅಂಗಳದಲ್ಲಿದ್ದ ಆ ಅಂತರವು ಈಗ ನೂರಾರು ಹರಿದಾರಿಯಾಗಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರೀ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಪ್ರಸವಿಸಿದ ತಾಯಂದಿರು ಹಲವರು ಮೃತರಾದಾಗ, ಸಿರೆಯ ಮೂಲಕ ಕೊಡುವ ಲವಣದ್ರವದ ಮೇಲೆ ಶಂಕೆಯುಂಟಾಗಿ ಸರ್ಕಾರವು ಅದರ ಬಳಕೆಯನ್ನು ತಡೆಯಿತು. ಮುಚ್ಚಿದ ಸೀಸೆಯೊಳಗಿನ ಸಂಪತ್ತನ್ನು ಪರೀಕ್ಷಿಸುವುದು ಹಾಸಿಗೆಯ ಬಳಿ ನಿಂತವರಿಗೆ ಅಶಕ್ಯ. ಕದಡು, ಬಿರುಕು, ಅವಧಿಯ ದಿನಾಂಕಗಳನ್ನು ನೋಡುವುದು, ಬ್ಯಾಚ್ ಸಂಖ್ಯೆಯನ್ನು ಬರೆದಿಡುವುದು, ದ್ರವವು ಹರಿಯತೊಡಗಿದ ಮೇಲೆ ರೋಗಿಯಲ್ಲಿ ಚಳಿ, ಉಸಿರಿನ ಕಷ್ಟ, ಮೂತ್ರದ ಇಳಿತಗಳು ಕಂಡೊಡನೆ ವೈದ್ಯನಿಗೆ ತಿಳಿಸುವುದು, ಇಷ್ಟು ಅವರ ಕೈಯಲ್ಲಿ ಉಳಿದಿದೆ.