ನೂತನ ಯಂತ್ರಶಕ್ತಿಯೂ ರಾಜ್ಯದ ನಿಯಂತ್ರಣಾಧಿಕಾರವೂ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ನಿದರ್ಶನ

ಹೊಸ ಯಂತ್ರಶಕ್ತಿಯೊಂದು ನಾಡಿಗೆ ಬಂದಾಗ ಅದನ್ನು ಅಂಕೆಯಲ್ಲಿಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಕೃತಕ ಬುದ್ಧಿಮತ್ತೆಯೊಡನೆ ಹುಟ್ಟಿದುದಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲಿನೊಡನೆ ಬಂದಿತು. ಅಂದಿನ ಅನುಭವವನ್ನು ಇಂದಿನ ಶಾಸನಗಳ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಮರಳಿ ಒಪ್ಪಿಸಿದಾಗ ಬ್ರಿಟಿಷ್ ಸರ್ಕಾರವು ಹಸ್ತಾಂತರ ಪತ್ರದಲ್ಲಿ ಒಂದು ಕರಾರನ್ನು ಸೇರಿಸಿತ್ತು. ತಾನು ರೈಲುಮಾರ್ಗ ಹಾಕಬಯಸಿದರೆ ಬೇಕಾದ ನೆಲವನ್ನು ಮಹಾರಾಜರು ಉಚಿತವಾಗಿ ಕೊಡುವುದಲ್ಲದೆ ಆ ನೆಲದ ಮೇಲಿನ ಸಂಪೂರ್ಣ ಅಧಿಕಾರವನ್ನೂ ಬಿಟ್ಟುಕೊಡತಕ್ಕದ್ದು ಎಂಬುದೇ ಅದು. ಬೆಂಗಳೂರು–ಹರಿಹರ ಮಾರ್ಗವು 1889ರ ವೇಳೆಗೆ ಪೂರ್ಣಗೊಂಡು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗೆಗೆ ಕವಲು ತೆರೆಯಿತು. ಬೆಂಗಳೂರು–ಹರಿಹರ ಮಾರ್ಗವು ಸಂಸ್ಥಾನದ ಹೊಲಗಳ ನಡುವೆಯೇ ಹಾದುಹೋದರೂ ಸಂಸ್ಥಾನದ ಶಾಸನವು ಹಳಿಯ ಅಂಚಿನಲ್ಲಿ ನಿಂತುಬಿಟ್ಟಿತು.

ಈ ಮಿತಿಯ ಪರಿಣಾಮ 1898ರ ಆಗಸ್ಟಿನಲ್ಲಿ ಕಂಡಿತು. ಬೆಂಗಳೂರಿನಲ್ಲಿ ಪ್ಲೇಗು ಮೊದಲು ಕಾಣಿಸಿಕೊಂಡುದು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದ, ರೈಲ್ವೆ ಅಧಿಕಾರಿಯೊಬ್ಬನ ಸೇವಕನಲ್ಲಿ. ಆ ಹಾದಿ ಅಜ್ಜಂಪುರ, ಕಡೂರುಗಳ ಮೇಲಿನದೇ. ರೈಲನ್ನು ಆಳಲಾರದ ಸಂಸ್ಥಾನವು ರೈಲಿನಿಂದ ಇಳಿದವನನ್ನು ಆಳತೊಡಗಿತು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರರಾಗಿ ನೇಮಕಗೊಂಡರು. ಸೋಂಕಿನ ಊರುಗಳಿಂದ ಬಂದವರ ಮೇಲೆ ನಿಗಾ, ರೋಗಿಗಳ ಪ್ರತ್ಯೇಕವಾಸ, ಮನೆಗಳ ತೆರವು ಮೊದಲಾದ ಕ್ರಮಗಳು ಜಾರಿಗೆ ಬಂದವು. ಈ ಕ್ರಮಗಳ ಕಾರಣವನ್ನು ಜನಕ್ಕೆ ತಿಳಿಯಹೇಳುವ ಕೆಲಸ ಮಾತ್ರ ಹಿಂದೆ ಬಿದ್ದಿತು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ದಂಗೆಯೆದ್ದರು.

ಈಗ ವರ್ತಮಾನಕ್ಕೆ ಬರೋಣ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೃತಕ ಬುದ್ಧಿಮತ್ತೆ ಎಂಬ ಬಾಬು ಇಲ್ಲ. ದೂರಸಂಪರ್ಕವು ಕೇಂದ್ರದ ಪಟ್ಟಿಯಲ್ಲಿದೆ. ಸಾರ್ವಜನಿಕ ಆರೋಗ್ಯ ಮತ್ತು ಕೃಷಿ ರಾಜ್ಯದ ಪಟ್ಟಿಯಲ್ಲಿವೆ. ಕಾರ್ಮಿಕ ಕಲ್ಯಾಣವು ಸಮವರ್ತಿ ಪಟ್ಟಿಯಲ್ಲಿದೆ. 2025ರ ನವೆಂಬರಿನಲ್ಲಿ ಕೇಂದ್ರವು ಪ್ರಕಟಿಸಿದ ಮಾರ್ಗಸೂಚಿಗಳು ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡವೆಂಬ ನಿಲುವನ್ನು ತಳೆದವು. ಇತ್ತ ಕರ್ನಾಟಕವು 2021ರಲ್ಲಿ ಪೊಲೀಸ್ ಅಧಿನಿಯಮವನ್ನು ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಗೊಳಿಸಿತು. ಶಾಸನಾಧಿಕಾರದ ಕೊರತೆಯೂ ಅದಕ್ಕೊಂದು ಕಾರಣವಾಗಿತ್ತು.

ಇದಕ್ಕಿಂತ ಭಿನ್ನವಾದ ಹಾದಿಯನ್ನು ಹಿಡಿದುದು ಕರ್ನಾಟಕದ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಶಾಸನ. ಇದು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು ಅದೇ ವರ್ಷ ಅಧಿನಿಯಮವಾಯಿತು. ಯಂತ್ರವನ್ನು ಹೇಗೆ ಕಟ್ಟಬೇಕೆಂದು ಇದು ವಿಧಿಸುವುದಿಲ್ಲ. ಕೆಲಸದ ಹಂಚಿಕೆ, ಗಳಿಕೆ, ಶ್ರೇಯಾಂಕ ಇವುಗಳನ್ನು ಸ್ವಯಂಚಾಲಿತ ವ್ಯವಸ್ಥೆಯು ಯಾವ ಆಧಾರದಿಂದ ನಿರ್ಧರಿಸುತ್ತದೆಂಬುದನ್ನು ಕಾರ್ಮಿಕನಿಗೆ ತಿಳಿಸತಕ್ಕದ್ದೆಂದೂ, ಅವನನ್ನು ಕೆಲಸದಿಂದ ತೆಗೆಯುವ ಮುನ್ನ ಸಕಾರಣವಾದ ನೋಟೀಸು ಕೊಡತಕ್ಕದ್ದೆಂದೂ ವಿಧಿಸುತ್ತದೆ. ಕಡೂರು, ತರೀಕೆರೆಗಳಿಂದ ಅದೇ ಹಳಿಯ ಮೇಲೆ ಬೆಂಗಳೂರಿಗೆ ದುಡಿಯಹೋಗುವ ತರುಣನಿಗೆ ಇದು ಅನ್ನದ ಪ್ರಶ್ನೆ. 1898ರ ನಿಗಾ ವ್ಯವಸ್ಥೆಯಂತೆ ಇದೂ ಯಂತ್ರವು ಮನುಷ್ಯನನ್ನು ಮುಟ್ಟುವೆಡೆಯಲ್ಲಿ ನಿಂತ ಶಾಸನ. ಆದರೆ ಅಂದು ಹಿಂದೆ ಬಿದ್ದ ಕಾರಣ ತಿಳಿಸುವ ಕರ್ತವ್ಯವನ್ನು ಇದು ಮುಂದಿಟ್ಟಿದೆ.

ಆದರೂ ಈ ಮಾರ್ಗದ ಮಿತಿಯನ್ನು ಮರೆಯಲಾಗದು. ಇಳಿದವರ ಮೇಲೆ ನಿಗಾ ಇಟ್ಟ ಮಾತ್ರಕ್ಕೆ ಪ್ಲೇಗು ನಿಲ್ಲಲಿಲ್ಲ. ಅದು ಅನೇಕ ವರ್ಷಗಳ ಕಾಲ ನಾಡನ್ನು ಕಾಡಿತು. ಕೆಲವು ಅಪಾಯಗಳನ್ನು ಮೂಲದಲ್ಲಿಯೇ ತಡೆಯಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2025ರ ಸೆಪ್ಟೆಂಬರಿನಲ್ಲಿ ಮಾಡಿದ ಶಾಸನದ ಪ್ರಕಾರ ಅತಿ ಪ್ರಬಲ ಮಾದರಿಗಳನ್ನು ಕಟ್ಟುವ ದೊಡ್ಡ ಸಂಸ್ಥೆಗಳು ತಮ್ಮ ಸುರಕ್ಷತಾ ಕ್ರಮಗಳನ್ನು ಪ್ರಕಟಿಸಬೇಕು. ಗಂಭೀರ ಸುರಕ್ಷತಾ ಘಟನೆಗಳನ್ನು 15 ದಿನಗಳೊಳಗೆ ಸರ್ಕಾರಕ್ಕೆ ವರದಿ ಮಾಡಬೇಕು. ಇಂತಹ ಹಲವು ಸಂಸ್ಥೆಗಳು ತನ್ನ ನೆಲದಲ್ಲಿಯೇ ಇರುವುದರಿಂದ ಆ ರಾಜ್ಯಕ್ಕೆ ಈ ಹಿಡಿತ ಸುಲಭವಾಯಿತು. ಇದಕ್ಕಿಂತ ಕಠಿಣವಾದ ಮಸೂದೆಯೊಂದಕ್ಕೆ ಅಲ್ಲಿನ ರಾಜ್ಯಪಾಲರೇ 2024ರಲ್ಲಿ ಸಮ್ಮತಿ ನಿರಾಕರಿಸಿದ್ದರೆಂಬುದೂ ಗಮನಾರ್ಹ.

ಆದ್ದರಿಂದ ಮೂಲದ ಅಪಾಯಗಳಿಗೆ ಕೇಂದ್ರದ ಕಾನೂನು ಅನಿವಾರ್ಯ; ಅದು ಬರುವವರೆಗೆ ರಾಜ್ಯವು ಕೈಕಟ್ಟಿ ಕೂರಬೇಕಾಗಿಲ್ಲ. ಗಿಗ್ ಕಾರ್ಮಿಕನಿಗೆ ದೊರೆತ ಹಕ್ಕು ಅಜ್ಜಂಪುರದ ರೈತನಿಗೆ ಇನ್ನೂ ದೊರೆತಿಲ್ಲ. ನಾಳೆ ಬೆಳೆ ಪರಿಹಾರವನ್ನು ಯಂತ್ರದ ತೀರ್ಪಿನ ಮೇಲೆ ನಿರಾಕರಿಸಿದರೆ, ಅದರ ಕಾರಣವನ್ನು ಕನ್ನಡದಲ್ಲಿ ಕೇಳಿ ತಿಳಿಯುವ ಮತ್ತು ಮನುಷ್ಯನೊಬ್ಬನ ಮುಂದೆ ಮೇಲ್ಮನವಿ ಸಲ್ಲಿಸುವ ಹಕ್ಕು ಅವನಿಗೂ ಇರಬೇಕು. ಕೃಷಿಯು ರಾಜ್ಯದ ಪಟ್ಟಿಯಲ್ಲಿಯೇ ಇರುವುದರಿಂದ ಇಷ್ಟನ್ನು ವಿಧಿಸಲು ರಾಜ್ಯಕ್ಕೆ ಅಡ್ಡಿಯಿದ್ದಂತೆ ತೋರುವುದಿಲ್ಲ.