ಖಾಲಿ ಕೋಣೆಗೆ ಏನು ತರೋಣ?



ಮೈಕಿನ ಮುಂದೆ ಕೂತು ನಿಮಗೆ ಹಾಡು, ಮಾತು, ಮಾಹಿತಿ ಕೊಡುವವಳು ಈ ಸಲ ಮನೆಯ ಸಮಸ್ಯೆಯೊಂದನ್ನು ಹಿಡಿದುಕೊಂಡು ಬಂದಿದ್ದೇನೆ. ನಾಂಪಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಬೀದರಿನ ಮನೆ ಮಾರಿ ಅಪ್ಪ, ಅವ್ವ ನಮ್ಮಲ್ಲಿಗೇ ಬಂದು ಇರುವುದೆಂದು ತೀರ್ಮಾನವಾದಾಗ ಆ ಕೋಣೆ ಅವರಿಗೆ ಎಂದಾಯಿತು.

ಆದರೆ ಅದರಲ್ಲಿ ಏನಿಡುವುದು? ಅಪ್ಪನಿಗೆ ಮೊಣಕಾಲು ನೋವು, ನೆಲದ ಮೇಲೆ ಕೂತರೆ ಏಳಲಾರರು. ಅವ್ವ ಎಪ್ಪತ್ತು ವರ್ಷ ನೆಲದ ಮೇಲೆ ಕೂತವಳು, ಕುರ್ಚಿ ಕೊಟ್ಟರೆ ಯಾವುದೋ ಕಚೇರಿಗೆ ಅರ್ಜಿ ಹಿಡಿದು ಬಂದವಳ ಹಾಗೆ ತುದಿಯಲ್ಲಿ ಕೂರುತ್ತಾಳೆ. ನಮ್ಮ ಮನೆಯವರು ಸೋಫಾ ಸೆಟ್ ತರೋಣ ಎಂದರು. ನಾನು ಮಂಚ, ಎರಡು ಕುರ್ಚಿ ಸಾಕು ಎಂದೆ. ಫೋನಿನಲ್ಲಿ ಅಪ್ಪನನ್ನೇ ಕೇಳಿದೆ. "ಏನೂ ಬ್ಯಾಡವ್ವಾ, ನಮಗ ಒಂದು ಮೂಲಿ ಸಾಕು" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ವಂತ ಮನೆ ಬಿಟ್ಟು ಬರುವವರಿಗೆ ಮೂಲೆ ಕೊಡುವುದೇ?

ಹಾಗಾಗಿ ನಮ್ಮ ಈ ಸೀಮೆಯಲ್ಲಿ ಹಿಂದಿನವರು ಕೋಣೆಯನ್ನು ಹೇಗೆ ಸಜ್ಜು ಮಾಡುತ್ತಿದ್ದರು ಎಂದು ಸ್ವಲ್ಪ ಓದಿದೆ, ಸ್ವಲ್ಪ ಹಿರಿಯರನ್ನು ಕೇಳಿದೆ. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನೂರು, ನೂರೈವತ್ತು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಅನುಕೂಲಸ್ಥರ ಮನೆಗೆ ನೀವು ಹೋಗಿದ್ದರೆ ಬೈಠಕ್ ಕೋಣೆ ಹೆಚ್ಚು ಕಡಿಮೆ ಖಾಲಿಯಾಗಿಯೇ ಕಾಣುತ್ತಿತ್ತು. ಕೆಳಗೆ ಜಮಖಾನೆ, ಅದರ ಮೇಲೆ ಚಾಂದನಿ ಎಂಬ ಬಿಳಿ ಹಾಸು, ಗೋಡೆಗೆ ಒರಗಿಸಿದ ಲೋಡುಗಳು. ಇಷ್ಟೇ. ದೀಪ ಇಡಲು, ಪುಸ್ತಕ ಇಡಲು ಗೋಡೆಯಲ್ಲೇ ಗೂಡುಗಳು. ಹಗಲು ಅತಿಥಿಗಳು ಕೂರುವ ಜಾಗದಲ್ಲೇ ದಸ್ತರಖಾನ ಹಾಸಿದರೆ ಊಟದ ಮನೆ, ರಾತ್ರಿ ಹಾಸಿಗೆ ಬಿಡಿಸಿದರೆ ಮಲಗುವ ಮನೆ. ನಮ್ಮ ಹಳ್ಳಿಯ ಪಡಸಾಲೆಯೂ ಹೀಗೆಯೇ ಅಲ್ಲವೇ? ಅಲ್ಲಿ ಚಾಂದನಿ ಇರಲಿಲ್ಲ, ಚಾಪೆಯೋ ಕಂಬಳಿಯೋ ಇತ್ತು. ಕೋಣೆಯ ಕೆಲಸವನ್ನು ಹಾಸು ತೀರ್ಮಾನಿಸುತ್ತಿತ್ತು.

ಆ ಬಿಳಿ ಹಾಸು ಗಾಳಿಗೆ ಏಳಬಾರದು, ಮುದುರಬಾರದು ಎಂದು ನಾಲ್ಕು ಮೂಲೆಗೆ ನಾಲ್ಕು ತೂಕದ ವಸ್ತುಗಳನ್ನು ಇಡುತ್ತಿದ್ದರು. ಅದಕ್ಕೆ ಮೀರ್-ಎ-ಫರ್ಶ್ ಎಂದು ಹೆಸರು, ಹಾಸಿನ ಒಡೆಯ ಎಂದು ಅರ್ಥ. ಕಲ್ಲಿನವೂ ಇದ್ದವು, ನಮ್ಮ ಬೀದರಿನ ಬಿದರಿ ಕೆಲಸದವೂ ಇದ್ದವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬಳಸಿ ಕಪ್ಪಾಗಿಸುವ ಕುಸುರಿ ಅದು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೈದರಾಬಾದಿನ ಬೈಠಕ್ಕುಗಳ ನಾಲ್ಕು ಮೂಲೆಯಲ್ಲಿ ಒಂದು ಕಾಲಕ್ಕೆ ಬೀದರ್ ಕೂತಿತ್ತು ಎಂದು ತಿಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅಪ್ಪ ಕೇಳಿದ ಮೂಲೆ ಅಂಥ ಕಡಿಮೆಯ ಜಾಗವೇನಲ್ಲ ನೋಡಿ!

ಕನ್ನಡ ಬಿ.ಎ. ಓದಿದವಳಾದ್ದರಿಂದ ಪದಗಳತ್ತಲೂ ಗಮನ ಹೋಯಿತು. ಚಾಪೆ, ಹಾಸಿಗೆ, ದಿಂಬು, ಮಣೆ, ಗೂಡು ಇವೆಲ್ಲ ನಮ್ಮ ಮಣ್ಣಿನ ಪದಗಳು. ಕುರ್ಚಿ ಅರಬ್ಬಿಯ ಕುರ್ಸಿ. ಮೇಜು ಪಾರಸಿಯಿಂದ ಬಂದದ್ದು. ಅಲಮಾರಿ ಪೋರ್ಚುಗೀಸರ ಕೊಡುಗೆ. ಸೋಫಾ ಅರಬ್ಬಿಯಿಂದ ಹೊರಟು ಯುರೋಪು ಸುತ್ತಿ ಇಂಗ್ಲಿಷಿನ ಮೂಲಕ ನಮ್ಮ ಮನೆ ಸೇರಿತು. ಜಮಖಾನೆಯಂಥ ಪಾರಸಿ ಪದವೂ ನೆಲದ ಮೇಲೆ ಮಲಗಿದೆ ನಿಜ. ಆದರೂ ಒಟ್ಟಾರೆ ನೋಡಿದರೆ ನೆಲಕ್ಕೆ ಹತ್ತಿರದ್ದು ನಮ್ಮದು, ಉದ್ದ ಕಾಲಿರುವುದು ನಡೆದು ಬಂದದ್ದು. ಇವೆಲ್ಲಕ್ಕೂ ಸೇರಿಸಿ "ಪೀಠೋಪಕರಣ" ಎಂದು ನಾವು ರೇಡಿಯೊದಲ್ಲಿ ಹೇಳುತ್ತೇವೆ. ಮನೆಯಲ್ಲಿ ಮಾತ್ರ ಯಾರ ಬಾಯಲ್ಲೂ ಆ ಪದ ಕೇಳಿಲ್ಲ. ಅಲ್ಲಿ ಎಲ್ಲವೂ "ಸಾಮಾನು".

ಈ ಉದ್ದ ಕಾಲಿನ ಸಾಮಾನು ಮೊದಲು ದೊಡ್ಡವರ ಮನೆಗೆ ಬಂತು. 1884ರಲ್ಲಿ ಕಟ್ಟಲು ಶುರುಮಾಡಿದ ಫಲಕ್‌ನುಮಾ ಅರಮನೆಯಲ್ಲಿ ಒಮ್ಮೆಗೆ 101 ಜನ ಕೂತು ಉಣ್ಣುವ ಮೇಜಿದೆ. ದಸ್ತರಖಾನದಿಂದ ಆ ಮೇಜಿನವರೆಗೆ ಊಟದ ಪದ್ಧತಿಯೇ ಎದ್ದು ನಿಂತ ಹಾಗೆ. ಅಷ್ಟರಲ್ಲಿ ರೈಲು ಬಂದಿತ್ತು. ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಳಿ ಬಿತ್ತು, 1907ರಲ್ಲಿ ನಾಂಪಲ್ಲಿ ನಿಲ್ದಾಣವಾಯಿತು. ಮುಂಬೈ, ಮದ್ರಾಸುಗಳ ಸಾಮಾನು ಹೈದರಾಬಾದಿಗೆ ಬರಲು ದಾರಿ ಸಲೀಸಾಯಿತು.

ಸಾಮಾನ್ಯ ಜನ ಕುರ್ಚಿಯ ಮೇಲೆ ಕೂತು ರೂಢಿ ಮಾಡಿಕೊಂಡದ್ದು ಮನೆಯ ಹೊರಗೆ. ಇರಾನಿ ಹೋಟೆಲುಗಳ ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕುರ್ಚಿ ನೆನಪಿದೆಯಲ್ಲ? ಅದರ ಮೂಲ ಮಾದರಿ 1859ರಲ್ಲಿ ಆಸ್ಟ್ರಿಯಾದ ಥೋನೆಟ್ ಕಂಪನಿ ತಯಾರಿಸಿದ 14ನೇ ನಂಬರಿನ ಕುರ್ಚಿ. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ಜೋಡಿಸಿದರೆ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಜಗತ್ತೆಲ್ಲ ಸುತ್ತಿದ್ದು ಅದಕ್ಕೇ. ನವಾಬರ ಮನೆಯಲ್ಲಿ ಕುರ್ಚಿ ಸಿಗದವನಿಗೂ ಚಹಾದ ದುಡ್ಡಿಗೆ ಇಲ್ಲಿ ಕುರ್ಚಿ ಸಿಗುತ್ತಿತ್ತು.

ಕುರ್ಚಿ ಮನೆಯೊಳಗೆ ಬಂದ ಕಥೆಯಲ್ಲಿ ನಮ್ಮ ನಾಂಪಲ್ಲಿಗೆ ದೊಡ್ಡ ಪಾಲಿದೆ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಕೂಡಿ ಇಲ್ಲಿನ ಬಾಗ್-ಎ-ಆಮ್, ಅಂದರೆ ಪಬ್ಲಿಕ್ ಗಾರ್ಡನ್ಸಿನಲ್ಲಿ, ಒಂದು ಪ್ರದರ್ಶನ ನಡೆಸಿದರು. ಸುಮಾರು 50 ಮಳಿಗೆ, ಹತ್ತು ದಿನ. ಸಂಸ್ಥಾನದಲ್ಲೇ ತಯಾರಾದ ವಸ್ತುಗಳನ್ನು ಜನ ನೋಡಲಿ, ಕೊಳ್ಳಲಿ ಎಂಬುದು ಉದ್ದೇಶ. ಅದೇ ನಮ್ಮ ನುಮಾಯಿಶ್. 1946ರಲ್ಲಿ ಅದು ಈಗಿನ ನಾಂಪಲ್ಲಿ ಮೈದಾನಕ್ಕೆ ಬಂತು. ಅಂದ ಹಾಗೆ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಹೈದರಾಬಾದಿನ ಪ್ರಧಾನಮಂತ್ರಿಯಾದದ್ದೂ ಅದೇ ವರ್ಷ. ಇಂದಿಗೂ ಜನವರಿ ಬಂತೆಂದರೆ ಕಾಶ್ಮೀರದ ರತ್ನಗಂಬಳಿ, ಸಹಾರನ್‌ಪುರದ ಮರದ ಕೆತ್ತನೆ ಎಲ್ಲ ಇಲ್ಲಿಗೆ ಬರುತ್ತವೆ. 2019ರ ಜನವರಿ 30ರ ರಾತ್ರಿ ಬೆಂಕಿ ಬಿದ್ದು ಬಹಳ ಮಳಿಗೆಗಳು ಸುಟ್ಟವು, 2021ರಲ್ಲಿ ಕೊರೊನಾದಿಂದ ನುಮಾಯಿಶ್ ನಡೆಯಲೇ ಇಲ್ಲ. ಆದರೂ ವ್ಯಾಪಾರಿಗಳು ಮತ್ತೆ ಬಂದರು.

ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದಿನ ಆಡಳಿತದಲ್ಲೇ ಇದ್ದವು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ "ಇದು ನುಮಾಯಿಶ್‌ದಾಗ ತಂದದ್ದು" ಎಂದು ತೋರಿಸುವ ವಸ್ತು ಒಂದಾದರೂ ಇರುತ್ತಿತ್ತು. ಅವ್ವನ ತವರಿನಲ್ಲಿ ಅದು ಒಂದು ಕುರ್ಚಿ. ಅಜ್ಜ ರೈಲಿನಲ್ಲಿ ಹೊತ್ತು ತಂದದ್ದಂತೆ. ಇಷ್ಟು ವರ್ಷ ಕೇಳಿರದ ಒಂದು ಮಾತನ್ನು ಈಗ ಅವ್ವನಿಗೆ ಫೋನ್ ಮಾಡಿ ಕೇಳಿದೆ: "ಆ ಕುರ್ಚಿ ಮ್ಯಾಲ ನೀ ಕೂತಿದ್ದಿ ಏನು?" ಅವ್ವ ನಕ್ಕಳು. "ಅದರ ಮ್ಯಾಲ ಅಪ್ಪ, ಇಲ್ಲಾಂದ್ರ ಬಂದ ಗಂಡಸ್ರು. ನಾವು ಒರಸ್ತಿದ್ದೆವು" ಎಂದಳು.

ಬಂಧುಗಳೇ, ಅವ್ವ ಕುರ್ಚಿಯ ತುದಿಯಲ್ಲಿ ಯಾಕೆ ಕೂರುತ್ತಾಳೆ ಎಂಬುದು ನನಗೆ ಆಗ ತಿಳಿಯಿತು. ಅದನ್ನು ಹಳ್ಳಿ ಅಭ್ಯಾಸ ಎಂದು ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದೆ. ಕುರ್ಚಿ ಬಂದಾಗ ಅದರ ಜೊತೆಗೆ ಮೇಲು ಕೀಳೂ ಮನೆಯೊಳಗೆ ಬಂದಿತ್ತು. ಚಾಪೆಯ ಮೇಲೆ ಎಲ್ಲರ ಎತ್ತರವೂ ಒಂದೇ. ಅಲ್ಲೂ ಯಾರು ನಡುವೆ, ಯಾರು ಬಾಗಿಲ ಬಳಿ ಎಂಬ ಭೇದ ಇತ್ತು, ಇಲ್ಲವೆನ್ನಲಾರೆ. ಆದರೆ ಒಂದೇ ಕುರ್ಚಿ ಇರುವ ಮನೆಯಲ್ಲಿ ಅದು ಎದ್ದು ಕಾಣುತ್ತದೆ.

ಕೊನೆಗೆ ನಾವು ಸೋಫಾ ತರಲಿಲ್ಲ. ಜಾಮ್‌ಬಾಗ್ ಕಡೆಯ ಅಂಗಡಿಗಳನ್ನೆಲ್ಲ ಸುತ್ತಿ, ನಮ್ಮ ಗಲ್ಲಿಯ ಹತ್ತಿರದ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ತಖ್ತ್ ಹಿಡಿದೆವು. ಹಳೆಯ ಬೈಠಕ್ಕುಗಳಲ್ಲಿ ಇರುತ್ತಿದ್ದ, ಗಿಡ್ಡ ಕಾಲಿನ ಅಗಲವಾದ ಹಲಗೆ ಮಂಚ. ಪಾರಸಿಯಲ್ಲಿ ತಖ್ತ್ ಎಂದರೆ ಸಿಂಹಾಸನವೂ ಹೌದು! ಮೇಲೆ ಒಂದು ಜಮಖಾನೆ, ಎರಡು ಲೋಡು ಹಾಕಿದೆವು. ಗೋಡೆಗೆ ಒಂದು ಹಲಗೆ ಬಡಿಸಿ ಅಪ್ಪನ ಹಳೇ ರೇಡಿಯೊ ಇಡಲು ಜಾಗ ಮಾಡಿದೆವು. ರೇಡಿಯೊವೂ ಒಂದು ಕಾಲಕ್ಕೆ ಮನೆಯ ಶೃಂಗಾರದ ಸಾಮಾನೇ ತಾನೆ? ಕಸೂತಿ ಬಟ್ಟೆ ಹೊದಿಸಿ ಎತ್ತರದಲ್ಲಿ ಇಡುತ್ತಿದ್ದೆವು. 1950ರ ಏಪ್ರಿಲ್ 1ರಂದು ಆಕಾಶವಾಣಿಗೆ ಸೇರುವ ಮೊದಲು ಇಲ್ಲಿನ ಡೆಕ್ಕನ್ ರೇಡಿಯೊದಿಂದ ಕನ್ನಡವೂ ಕೇಳಿಬರುತ್ತಿತ್ತು. ಅದೇ ಊರಿನಲ್ಲಿ ಇಂದು ನಿಮ್ಮ ಜೊತೆ ಕನ್ನಡ ಮಾತಾಡುವ ಭಾಗ್ಯ ನನ್ನದು.

ಹೋದ ಭಾನುವಾರ ಅಪ್ಪ, ಅವ್ವ ಬಂದರು. ಅಪ್ಪ ತಖ್ತಿನ ಅಂಚಿಗೆ ಕಾಲು ಇಳಿಬಿಟ್ಟು ಕೂತರು, ಏಳಲು ತ್ರಾಸಾಗಲಿಲ್ಲ. ಅವ್ವ ಸ್ವಲ್ಪ ಹೊತ್ತು ನೋಡಿ, ಅದೇ ಹಲಗೆಯ ನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ, ಲೋಡಿಗೆ ಒರಗಿ ಕೂತಳು. ತುದಿಯಲ್ಲಿ ಕೂರಲಿಲ್ಲ. ಇನ್ನೂ ಎರಡು ಸಾಮಾನು ತರಬೇಕೆಂದಿದ್ದೇನೆ ಎಂದೆ. "ಸಾಕು ಬಿಡು, ನೆಲಾ ಒಂದಿಷ್ಟು ಇರಲಿ, ಮೊಮ್ಮಕ್ಕಳು ಆಡ್ಲಿ" ಎಂದಳು.

ನಿಮ್ಮ ಮನೆಯಲ್ಲೂ ಒಂದು ಖಾಲಿ ಕೋಣೆ ಇದ್ದರೆ ಅಂಗಡಿಗೆ ಹೋಗುವ ಮೊದಲು ಅಲ್ಲಿ ಕೂರುವವರನ್ನು ಒಂದು ಮಾತು ಕೇಳಿ. ಅವರು ಏನೂ ಬೇಡ ಎಂದರೆ ಇನ್ನೊಮ್ಮೆ ಕೇಳಿ. ನಿಮ್ಮ ಮನೆಗೆ ಮೊದಲ ಕುರ್ಚಿ ಯಾವಾಗ ಬಂತು, ಅದರ ಮೇಲೆ ಯಾರು ಕೂರುತ್ತಿದ್ದರು ಎಂದು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಕೇಳುತ್ತಾ ಇರಿ.