ಶೀತವೋ, ಲೇಪವೋ?

ಕಣ್ಣು ನೋವೆಂದು ನೆರೆಮನೆಯವರಿಗೂ ಹೇಳಿಕೊಳ್ಳುವ ನಾವು, ಗುಹ್ಯಸ್ಥಾನದಲ್ಲಿ ನರಹುಲಿ ಎದ್ದರೆ ವೈದ್ಯರಿಗೂ ಹೇಳುವುದಿಲ್ಲ. ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಅರ್ಶಸ್ಸೆಂಬ ಹೆಸರು ಜನನಾಂಗದ ಮೇಲೆ ಏಳುವ ಮಾಂಸಾಂಕುರಗಳಿಗೂ ಸಲ್ಲುತ್ತದೆ. ಅರ್ಶಸ್ಸಿಗೆ ಅಲ್ಲಿ ಹೇಳಿರುವ ಉಪಾಯಗಳು ನಾಲ್ಕು: ಭೇಷಜ, ಕ್ಷಾರ, ಅಗ್ನಿ, ಶಸ್ತ್ರ. ಸುಡುವ ಅಗ್ನಿಯ ಪಕ್ಕದಲ್ಲಿ ಹಿಮವೂ ಬಂದು ನಿಂತದ್ದು, ಭೇಷಜವು ರೋಗಿಯ ಕೈಗೇ ದೊರೆತದ್ದು ಈಚಿನ ಕಥೆ.

1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಗಾಳಿಯನ್ನು ಹೇರಳವಾಗಿ ದ್ರವರೂಪಕ್ಕೆ ತರುವ ವಿಧಾನವನ್ನು ಸಾಧಿಸಿದನು. ನಾಲ್ಕೇ ವರ್ಷಗಳಲ್ಲಿ, 1899ರಲ್ಲಿ, ನ್ಯೂಯಾರ್ಕಿನ ವೈದ್ಯ ಕ್ಯಾಂಬೆಲ್ ವೈಟ್ ಆ ದ್ರವವಾಯುವನ್ನು ನರಹುಲಿ ಮೊದಲಾದ ಚರ್ಮರೋಗಗಳಿಗೆ ಬಳಸಿದ ವೃತ್ತಾಂತವನ್ನು ಪ್ರಕಟಿಸಿದನು. 1907ರಲ್ಲಿ ಷಿಕಾಗೋದ ಪ್ಯೂಸಿ ಇಂಗಾಲಾಮ್ಲದ ಹಿಮವನ್ನೂ, 1950ರಲ್ಲಿ ಆಲಿಂಗ್ಟನ್ ದ್ರವ ಸಾರಜನಕವನ್ನೂ ಪ್ರಯೋಗಿಸಿದರು. ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ! ಅದು ತಾಗಿದೊಡನೆ ಜೀವಕೋಶಗಳೊಳಗಿನ ನೀರು ಹರಳುಗಟ್ಟಿ ಕೋಶಗಳು ಒಡೆಯುತ್ತವೆ. ಬೊಕ್ಕೆ ಎದ್ದು, ದಿನಗಳು ಕಳೆದಂತೆ ಗಂಟು ಉದುರುತ್ತದೆ.

ಲೇಪದ ಕಥೆ ಗಿಡದಿಂದ ಮೊದಲಾಗುತ್ತದೆ. 1942ರಲ್ಲಿ ಅಮೆರಿಕದ ವೈದ್ಯ ಕ್ಯಾಪ್ಲನ್, ಪೊಡೊಫಿಲ್ಲಿನ್ ಎಂಬ ರಾಳದಿಂದ ಈ ನರಹುಲಿ ವಾಸಿಯಾಗುವುದನ್ನು ವರದಿ ಮಾಡಿದನು. ಆ ಜಾತಿಯ ಗಿಡ ನಮ್ಮ ಹಿಮಾಲಯದಲ್ಲೂ ಉಂಟು. ರಾಳ ಕೋಶವಿಭಜನೆಯನ್ನು ತಡೆಯುತ್ತದೆ. ಆದರೆ ಮೈಯೊಳಗೆ ಇಂಗಿದರೆ ವಿಷ. ಆದಕಾರಣ ವೈದ್ಯರೇ ಹಚ್ಚಬೇಕಾಗಿತ್ತು. ಅದರ ಸಾರವನ್ನು ಶುದ್ಧಗೊಳಿಸಿದ ಮೇಲೆ ರೋಗಿಯೇ ಮನೆಯಲ್ಲಿ ಮೂರು ದಿನ ಹಚ್ಚಿ ನಾಲ್ಕು ದಿನ ಬಿಡುವ ಕ್ರಮ ಬಂದಿತು. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಿಕ್ವಿಮಾಡ್ ಮುಲಾಮಿನ ರೀತಿಯೇ ಬೇರೆ. ಅದು ತಾನಾಗಿ ಗಂಟನ್ನು ಸುಡುವುದಿಲ್ಲ. ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸುತ್ತದೆ. ವಾರಕ್ಕೆ ಮೂರು ರಾತ್ರಿಯಂತೆ, ಹೆಚ್ಚೆಂದರೆ 16 ವಾರ ಹಚ್ಚತಕ್ಕದ್ದು.

ಇವೆರಡರಲ್ಲಿ ಯಾವುದು ಮೇಲು? ಶೀತಚಿಕಿತ್ಸೆ ಶೀಘ್ರ; ಆದರೆ ನೋವುಂಟು, ವಾರ ಎರಡು ವಾರಕ್ಕೊಮ್ಮೆ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರಿಗೂ ಅದನ್ನು ಮಾಡಬಹುದು. ಪೊಡೊಫಿಲ್ಲಿನ್ ಅವರಿಗೆ ಕೂಡದು, ಇಮಿಕ್ವಿಮಾಡನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ. ಲೇಪದಿಂದ ಮರ್ಯಾದೆ ಮನೆಯೊಳಗೇ ಉಳಿಯುತ್ತದೆ; ಆದರೆ ತಾಳ್ಮೆ ಬೇಕು, ಉರಿ ಕೆಂಪುಗಳನ್ನು ಸಹಿಸಬೇಕು. ಎರಡರಲ್ಲಿ ಯಾವುದನ್ನು ಹಿಡಿದರೂ ನರಹುಲಿ ಮರಳಿ ಬರುವುದುಂಟು.

ಏಕೆಂದರೆ ಬೇರು ಬೇರೆಡೆ ಇದೆ. 1907ರಲ್ಲೇ ಇಟಲಿಯ ಚುಫೊ, ಸೂಕ್ಷ್ಮವಾಗಿ ಸೋಸಿದ ರಸದಿಂದಲೂ ನರಹುಲಿ ಹಬ್ಬುವುದೆಂದು ತೋರಿಸಿದ್ದನು. ಅಂದರೆ ಇದು ವೈರಸ್ಸಿನ ಕೆಲಸ. ಗುಹ್ಯಸ್ಥಾನದ ನರಹುಲಿಗಳಲ್ಲಿ ನೂರಕ್ಕೆ ಸುಮಾರು 90 ಪ್ಯಾಪಿಲೋಮ ವೈರಸ್ಸಿನ 6 ಮತ್ತು 11ನೆಯ ಬಗೆಗಳಿಂದ ಆಗುವುವೆಂದು ಮುಂದೆ ತಿಳಿಯಿತು. ಇವನ್ನು ತಡೆಯುವ ಲಸಿಕೆ 2006ರಲ್ಲಿ ಬಂದಿತು. ನಮ್ಮ ದೇಶದಲ್ಲೇ ತಯಾರಾದದ್ದು 2023ರಲ್ಲಿ ಬಿಡುಗಡೆಯಾಯಿತು. ಎದ್ದ ಗಂಟನ್ನು ಅದು ಇಳಿಸದು, ಬರುವುದನ್ನು ತಡೆದೀತು.

ಸೋಂಕು ತಗುಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಗಂಟು ಕಾಣಬಹುದು. ಅದನ್ನೇ ಸಾಕ್ಷಿಯಾಗಿಟ್ಟುಕೊಂಡು ಗಂಡಹೆಂಡಿರು ಒಬ್ಬರ ಮೇಲೊಬ್ಬರು ದೋಷ ಹೊರಿಸುವುದು ನ್ಯಾಯವಲ್ಲ. ಇಬ್ಬರೂ ಕೂಡಿ ವೈದ್ಯರಲ್ಲಿಗೆ ಹೋಗುವುದು ವಿವೇಕ. ಕೈಕಾಲಿನ ನರಹುಲಿಗೆ ಸುಣ್ಣ ಸೋಡ ಹಚ್ಚುವ ನಮ್ಮ ಹಳೆಯ ರೂಢಿಯನ್ನು ಇಲ್ಲಿಗೆ ತಂದರೆ ಮೃದುವಾದ ಚರ್ಮ ಸುಟ್ಟು ವ್ರಣವಾದೀತು. ಅಲ್ಲದೆ ಅಲ್ಲಿ ಎದ್ದದ್ದೆಲ್ಲವೂ ನರಹುಲಿಯೇ ಆಗಬೇಕೆಂದಿಲ್ಲ; ಅದನ್ನು ಕಂಡು ಹೇಳತಕ್ಕವರು ವೈದ್ಯರು. ಶೀತವೋ ಲೇಪವೋ ಎಂಬುದು ಆಮೇಲಿನ ಮಾತು. ಬಾಯಿಬಿಟ್ಟು ಹೇಳುವುದೇ ಮೊದಲ ಚಿಕಿತ್ಸೆ.